ತಗ್ಗಿನ ಒಂಬತ್ತು ನೀಲಿ ಚಿಟ್ಟೆಗಳು

"ನಿಲ್ಸಿ! ಮೊದ್ಲು ಅದನ್ನ ಆಫ್ ಮಾಡಿ!"

ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಿದ್ದಳು ಕೋರಾ. ಯಂತ್ರ ಅವಳಿಂದ ಮೂರೇ ಅಡಿ ದೂರದಲ್ಲಿ ಗುರ್ರೆಂದು ನಿಂತಿತು.

ಮೇಲಿಂದ ಒಬ್ಬ ಎತ್ತರದ ಆಳು ಧುಮುಕಿದ. ಮುಖವೆಲ್ಲ ಧೂಳು.

"ಏನ್ರೀ, ಸಾಯಬೇಕು ಅಂತ ಬಂದಿದ್ದೀರಾ?"

"ಸಾಯೋದು ನಾನಲ್ಲ. ಕೆಳಗೆ ನೋಡಿ."

ಅವನು ನೋಡಿದ. ಆಗಸ್ಟ್ ತಿಂಗಳ ಒಣಹುಲ್ಲು. ಬಾಡಿ ಕಡ್ಡಿಯಾದ, ಲೂಪಿನ್ ಎಂಬ ಕಾಡುಹೂವಿನ ಗಿಡ.

"ಏನೂ ಇಲ್ವಲ್ಲ."

"ಇದೆ! ಅಕ್ಕಿಕಾಳಿಗಿಂತ ಸಣ್ಣ ಹುಳ. ಮಾರ್ಚ್‌ವರೆಗೂ ಈ ಗಿಡದ ಬುಡದಲ್ಲೇ ಮಲಗಿರುತ್ತೆ, ಎದ್ದು ನೀಲಿ ಚಿಟ್ಟೆ ಆಗುತ್ತೆ. ಈ ಸಲ ಇಡೀ ಗುಡ್ಡದಲ್ಲಿ ನಾನು ಎಣಿಸಿದ್ದು ನಲವತ್ತೊಂದು. ನಲವತ್ತೊಂದೇ! ಅದ್ರಲ್ಲಿ ಒಂದರ ಮರಿ ನಿಮ್ಮ ಬೂಟಿನ ಕೆಳಗಿದ್ರೆ?"

ಅವನು ಮೆಲ್ಲಗೆ ಒಂದು ಕಾಲೆತ್ತಿದ. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಂಟಿಕಾಲಲ್ಲೇ ನಿಂತ.

"ಈಗ ಇದನ್ನ ಎಲ್ಲಿಡ್ಲಿ?"

ಕೋರಾಳಿಗೆ ನಗು ಬಂತು. ನುಂಗಿಕೊಂಡಳು. ಬೆಂಕಿ ಹಚ್ಚಲು ಬಂದವನ ಮುಂದೆ ನಗುವುದೇ?

ಅವನ ಹೆಸರು ರೂಬೆನ್. ಬೆಂಕಿ ತಂಡದ ಮುಖ್ಯಸ್ಥ. ಅಮೆರಿಕದ ಆರೆಗನ್‌ನ ಈ ಕಣಿವೆಯಲ್ಲಿ ಎಲ್ಲರಿಗಿಂತ ಮೊದಲು ಬಾಳಿದ ಕಾಲಪೂಯಾ ಬುಡಕಟ್ಟಿನವನು. ಹ್ಯಾಲರ್ ಗುಡ್ಡದ ಉತ್ತರದ ಇಳಿಜಾರನ್ನು ಸೆಪ್ಟೆಂಬರಿನಲ್ಲಿ ಸುಡಬೇಕೆಂದು ವನ್ಯಜೀವಿ ಕಚೇರಿಯೇ ಆದೇಶ ಕೊಟ್ಟಿತ್ತು. ಏಳು ವರ್ಷದಿಂದ ಇದೇ ಗುಡ್ಡದ ಚಿಟ್ಟೆಗಳನ್ನು ಎಣಿಸುತ್ತಿದ್ದ ಕೋರಾಳಿಗೆ ಅದು ಕೊಲೆಯಂತೆಯೇ ಕಂಡಿತ್ತು.

"ಒಂದು ಚಿಟ್ಟೆಗೆ ಇಷ್ಟು ಗಲಾಟೆನಾ?" ಮರುದಿನ ಅವನು ಕೆಣಕಿದ.

"ಒಂದಲ್ಲ ರೀ. ಈ ಗುಡ್ಡದಲ್ಲಿ ಚಿಟ್ಟೆಗಳೇ ಇಪ್ಪತ್ತೆಂಟು ಬಗೆ. ಪತಂಗ ಎಣಿಸೋಕೆ ಕೂತ್ರೆ ಮುನ್ನೂರು ದಾಟುತ್ತೆ. ಒಂದೊಂದು ಹುಳಕ್ಕೆ ಒಂದೊಂದು ಗಿಡ, ಬೇರೆ ಎಲೆ ಕೊಟ್ರೆ ಉಪವಾಸ ಸಾಯುತ್ತೆ. ಆ ಬೇಲಿ ಮೇಲೆ ಕೂತಿದೆ ನೋಡಿ ಹಕ್ಕಿ, ಅದು ಒಂದು ಗೂಡು ಮರಿ ಸಾಕ್ಬೇಕು ಅಂದ್ರೆ ಸಾವಿರಾರು ಹುಳ ಬೇಕು. ಹುಳ ಹೋದ್ರೆ ಹಕ್ಕಿ ಹೋಯ್ತು, ಪರಾಗ ಹೊರೋರಿಲ್ದೆ ಹೂವಿನ ಬೀಜಾನೂ ಹೋಯ್ತು. ಆಮೇಲೆ ನಿಮ್ಮ ಗುಡ್ಡ ಬರೀ ಹುಲ್ಲಿನ ಗುಡ್ಡೆ!"

ಅವನು ನಗಲಿಲ್ಲ. ಮುಳ್ಳಿನ ಪೊದೆಯೊಂದನ್ನು ಕೈಯಲ್ಲೇ ಸರಿಸಿ ತೋರಿಸಿದ. ಅದರಡಿ ಲೂಪಿನ್ ಗಿಡಗಳು ಬಿಳಿಚಿಕೊಂಡು ಸತ್ತಿದ್ದವು.

"ಇದನ್ನ ಕೊಂದಿದ್ದು ಬೆಂಕಿ ಅಲ್ಲ. ಬೆಂಕಿ ಬರದೇ ಮುಳ್ಳು ಬೆಳೆದು ಬಿಸಿಲು ಮುಚ್ಚಿದ್ದಕ್ಕೆ ಸತ್ತಿದ್ದು."

ಕೋರಾ ಬಾಗಿ ಸತ್ತ ಗಿಡವೊಂದನ್ನು ಕಿತ್ತು ನೋಡಿದಳು. ಅವನು ಹೇಳಿದ್ದು ಸುಳ್ಳೆನ್ನಲು ಆಗಲಿಲ್ಲ... ಒಪ್ಪಲೂ ಆಗಲಿಲ್ಲ.

ಆ ಒಂದು ತಿಂಗಳು ಇಬ್ಬರೂ ಗುಡ್ಡವನ್ನು ಅಡಿ ಅಡಿ ನಡೆದು, ಬೆಂಕಿ ದಾಟದಂತೆ ಹುಲ್ಲು ಕತ್ತರಿಸಬೇಕಾದ ಬೆಂಕಿ ರೇಖೆ ಗುರುತಿಸಿದರು. ಒಂದು ಭಾನುವಾರ ಅವನು ಅವಳನ್ನು ಮನೆಗೆ ಕರೆದೊಯ್ದ. ಅಜ್ಜಿ ಲೆನೋರಾ ಕರಿದ ರೊಟ್ಟಿ ಇಟ್ಟು, ಕೋರಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಓ, ಇವಳೇನಾ ನಿನ್ನ ಒಂಟಿಕಾಲಲ್ಲಿ ನಿಲ್ಸಿದೋಳು? ಒಳ್ಳೇದು ಮಾಡ್ದೆ ಕಣೇ. ನಮ್ಮ ಮಾತಿಗಂತೂ ಒಂದು ದಿನ ನಿಂತೋನಲ್ಲ."

"ಅಜ್ಜೀ..." ರೂಬೆನ್‌ನ ಕಿವಿ ಕೆಂಪಾಯಿತು.

"ಸುಮ್ನಿರೋ. ನೋಡು ಮಗಳೇ, ನಮ್ಮ ಹಿರೀಕರು ಪ್ರತಿ ವರ್ಷ ಈ ಗುಡ್ಡಗಳನ್ನ ಸುಡ್ತಿದ್ರು. ಒಂದೇ ಸಲಕ್ಕೆ ಪೂರ್ತಿ ಅಲ್ಲ, ಒಂದೊಂದು ತುಂಡು. ಆಮೇಲೆ ಬಂದೋರು ಅದು ಅಪರಾಧ ಅಂದ್ರು. ಅಲ್ಲಿಂದ ಈ ಮುಳ್ಳು ಬಂತು."

ಅಂದು ವಾಪಸ್ ಬರುವಾಗ ಟ್ರಕ್ಕಿನಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಗಲೇ ಇಲ್ಲ.

ಉತ್ತರದ ಇಳಿಜಾರನ್ನು ಸುಡಲು ಕೋರಾ ಒಪ್ಪಿದಳು. ಆದರೆ ಒಂದು ವಿಷಯದಲ್ಲಿ ಜಗ್ಗಲಿಲ್ಲ. ಉತ್ತರದ ಇಳಿಜಾರಿಗೂ ದಕ್ಷಿಣದ ದೊಡ್ಡ ಲೂಪಿನ್ ಬಯಲಿಗೂ ನಡುವೆ ಒಂದು ತಗ್ಗಿತ್ತು. ಅಲ್ಲಿ ಅವಳು ಒಂಬತ್ತು ಚಿಟ್ಟೆ ಎಣಿಸಿದ್ದಳು.

"ತಗ್ಗನ್ನೂ ಸುಡ್ಬೇಕು ಕೋರಾ. ಹುಲ್ಲು ಲೂಪಿನ್ ಕತ್ತು ಹಿಸುಕ್ತಿದೆ."

"ಮುಟ್ಟಿದ್ರೆ ನಿನ್ನ ಮುಖ ನೋಡಲ್ಲ."

ಅವನು ಅವಳನ್ನೇ ನೋಡಿದ. "ಸರಿ. ಮುಟ್ಟಲ್ಲ. ಮಾತು ಕೊಟ್ಟೆ."

ಸೆಪ್ಟೆಂಬರ್ ಕೊನೆಯ ವಾರ ಒಂದು ಮಧ್ಯಾಹ್ನ ಉತ್ತರದ ಇಳಿಜಾರಿಗೆ ಬೆಂಕಿ ಬಿತ್ತು.

ಕೋರಾ ಕೆಳಗಡೆ ನೀರಿನ ಲಾರಿಯ ಹತ್ತಿರ ನಿಂತಿದ್ದಳು. ಮೊದಲ ಒಂದು ಗಂಟೆ ಎಲ್ಲವೂ ಹೇಳಿದಂತೆಯೇ ನಡೆಯಿತು. ಆಮೇಲೆ ಹೊಗೆ ಇಡೀ ಗುಡ್ಡವನ್ನೇ ನುಂಗಿತು. ಮೇಲಿಂದ ಯಾರೋ ಕೂಗಿದರು. ರೇಡಿಯೊದಲ್ಲಿ ಗೊರಗೊರ ಸದ್ದು, ಒಂದು ಮಾತೂ ಅರ್ಥವಾಗಲಿಲ್ಲ.

ತಡೆಯಲಾರದೆ ಅವಳು ಬಟ್ಟೆಯಿಂದ ಮೂಗು ಮುಚ್ಚಿ ಓಡಿದಳು. ಕಣ್ಣು ಉರಿಯುತ್ತಿತ್ತು. ತಗ್ಗಿನ ಅಂಚಿಗೆ ಬಂದಾಗ ಗಾಳಿಗೆ ಹೊಗೆ ಒಂದು ಕ್ಷಣ ಸರಿಯಿತು...

ರೂಬೆನ್!

ಉರಿ ಸುರಿಸುವ ಡಬ್ಬಿ ಹಿಡಿದು ಅವನೇ ತಗ್ಗಿನೊಳಗೆ ನಡೆಯುತ್ತಿದ್ದ. ಅವನ ಹಿಂದೆ ಲೂಪಿನ್ ಗಿಡಗಳು ಸಾಲುಸಾಲಾಗಿ ಹೊತ್ತಿಕೊಳ್ಳುತ್ತಿದ್ದವು.

ಸಂಜೆ ಹೊಗೆ ಅಡಗಿದ ಮೇಲೆ ಅವಳು ಅವನೆದುರು ನಿಂತಳು.

"ತಗ್ಗಿಗೆ ನೀನೇ ಹಚ್ಚಿದ್ಯಾ?"

"ಕೋರಾ, ಮೊದ್ಲು ಕೇಳು..."

"ಹೌದಾ, ಅಲ್ವಾ? ಅಷ್ಟೇ ಹೇಳು!"

ಅವನ ಕೈ ಸುಟ್ಟು ಬೊಬ್ಬೆ ಎದ್ದಿತ್ತು. ಅದನ್ನೂ ಅವಳು ನೋಡಲಿಲ್ಲ.

"ಹೌದು," ಎಂದ.

ಅವಳು ತಿರುಗಿ ನಡೆದಳು.

ಗಾಳಿ ತಿರುಗಿತ್ತು, ಬೆಂಕಿ ರೇಖೆ ದಾಟಿತ್ತು, ಬೇರೆ ದಾರಿ ಇರಲಿಲ್ಲ ಎಂದು ಅವನು ಕಚೇರಿಗೆ ಬರೆದುಕೊಟ್ಟ. 'ಕಥೆ! ತಗ್ಗು ಸುಡ್ಬೇಕು ಅಂತ ಮೊದಲಿಂದಲೂ ಹೇಳ್ತಿದ್ದೋನು ಇವನೇ ತಾನೆ?' ಕೋರಾ ದೂರು ಬರೆದಳು. ಮುಖ್ಯಸ್ಥನಾಗಿದ್ದ ರೂಬೆನ್ ಕೆಲಸ ಕಳೆದುಕೊಂಡ. ಕಣಿವೆಯಲ್ಲಿ ಸುಡುವ ಕೆಲಸವೇ ನಿಂತಿತು.

ಆ ಚಳಿಗಾಲ ಅವನು ನಾಲ್ಕು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಐದನೇ ಸಲ ಅವನು ಮಾಡಲಿಲ್ಲ. ಆಮೇಲೂ ದಿನಾ ಫೋನನ್ನೇ ನೋಡುತ್ತಿದ್ದ ತನ್ನ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು.

ಮಾರ್ಚ್‌ನಲ್ಲಿ ಹುಳಗಳು ಏಳುವ ಹೊತ್ತು. ಕೋರಾ ಒಬ್ಬಳೇ ಗುಡ್ಡ ಹತ್ತಿದಳು. ತಗ್ಗಿನ ಮೇಲಂಚಿನಲ್ಲಿ ಹಳೆಯ ಬೇಲಿಯ ಕಂಬಗಳಿದ್ದವು. ಒಂದಕ್ಕೆ ಒರಗಲು ಹೋದವಳ ಅಂಗೈಗೆ ಮಸಿ ಮೆತ್ತಿತು.

ಕಂಬ ಉತ್ತರದ ಕಡೆ ಇದ್ದಿಲಾಗಿತ್ತು. ತಗ್ಗಿನ ಕಡೆ ಹಸಿ ಪಾಚಿ ಹಾಗೇ ಇತ್ತು.

ಮುಂದಿನ ಕಂಬ ನೋಡಿದಳು. ಅದೂ ಹಾಗೇ. ಅದರ ಮುಂದಿನದೂ...

ಬೆಂಕಿ ತಗ್ಗಿನಿಂದ ಮೇಲೆ ಹೋಗಿರಲಿಲ್ಲ. ಉತ್ತರದಿಂದ ರೇಖೆ ದಾಟಿ ಇಳಿದು ಬಂದಿತ್ತು! ದಕ್ಷಿಣದ ಬಯಲಿಗೆ ಉಳಿದದ್ದು ಐವತ್ತು ಹೆಜ್ಜೆ. ಅಲ್ಲಿ ಉಳಿದ ಮೂವತ್ತೆರಡು ಚಿಟ್ಟೆಗಳಲ್ಲಿ ಹೆಚ್ಚಿನವುಗಳ ಸಂತಾನ ಮಲಗಿತ್ತು. ಬೆಂಕಿಗೆ ತಿನ್ನಲು ಏನೂ ಸಿಗದಿರಲಿ ಎಂದು ಅವನು ಅದರ ದಾರಿಯನ್ನೇ ಮುಂಚೆ ಸುಟ್ಟು ಬರಿದು ಮಾಡಿದ್ದ.

ಅವಳು ಕಂಬದ ಬುಡದಲ್ಲೇ ಕೂತಳು. 'ಕೇಳು ಅಂದ. ನಾನು ಕೇಳ್ಲೇ ಇಲ್ಲ... ದೇವರೇ, ನಾನೇನು ಮಾಡ್ಬಿಟ್ಟೆ!'

ಅಂದೇ ಕಚೇರಿಗೆ ಹೋಗಿ, ತಾನೇ ತಪ್ಪು ಮಾಡಿದ್ದಾಗಿ ಬರೆದು ದೂರು ಹಿಂತೆಗೆದುಕೊಂಡಳು. ಅಲ್ಲಿಂದ ನೇರ ಅವನ ಮನೆಗೆ. ಬಾಗಿಲಲ್ಲಿ ಅಜ್ಜಿ ಲೆನೋರಾ ಇದ್ದಳು. ಈ ಸಲ ರೊಟ್ಟಿ ಇರಲಿಲ್ಲ.

"ಹಿತ್ತಲಲ್ಲಿ ಸಸಿ ಮಾಡ್ತಿದ್ದಾನೆ. ಹೋಗು. ಅವನು ಬೈದ್ರೆ ಬೈಸ್ಕೋ."

ರೂಬೆನ್ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾದದ್ದು. ಲೂಪಿನ್ ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಲೇ ಅವಳ ಮಾತನ್ನೆಲ್ಲ ಕೇಳಿದ.

"ನೀನು ಕಂಬ ನೋಡಿ ನಂಬಿದೆ. ನನ್ನ ನೋಡಿ ನಂಬ್ಲಿಲ್ಲ," ಎಂದ.

"ಕ್ಷಮಿಸು ಅಂತ ಕೇಳೋ ಮುಖಾನೂ ನನಗಿಲ್ಲ ರೂಬೆನ್."

"ಆ ಒಂಬತ್ತರ ಮರಿಗಳನ್ನ ನಾನೇ ಸುಟ್ಟೆ. ಅದೂ ನಿಜ. ಮಾತು ಕೊಟ್ಟು ಸುಟ್ಟೆ. ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ಆ ಸಂಜೆ ಅದನ್ನ ಹೇಳ್ಕೊಳ್ಳೋಕೆ ನನಗಿದ್ದಿದ್ದು ನೀನೊಬ್ಳೇ. ನೀನು ಹೊರಟೋದೆ." ಅವನು ಎದ್ದು ಬೆನ್ನು ತಿರುಗಿಸಿದ. "ಈಗ ಹೋಗು ಕೋರಾ."

ಅವಳು ಹೋದಳು. ದಾರಿಯುದ್ದಕ್ಕೂ ಅತ್ತಳು.

ಮೇ ತಿಂಗಳು ಬಂತು.

ತಗ್ಗಿನಲ್ಲಿ ಏನೂ ಇರುವುದಿಲ್ಲ ಎಂದುಕೊಂಡೇ ಇಳಿದಿದ್ದಳು ಕೋರಾ. ಆದರೆ ಮುಳ್ಳು, ಒತ್ತಾದ ಹುಲ್ಲು ಎರಡೂ ಇಲ್ಲದ ಆ ನೆಲದಲ್ಲಿ ಲೂಪಿನ್ ಮೊಣಕಾಲೆತ್ತರಕ್ಕೆ ಬೆಳೆದಿತ್ತು. ದಕ್ಷಿಣದ ಬಯಲಿಂದ ಚಿಟ್ಟೆಗಳು ಇಲ್ಲಿಗೇ ಬರುತ್ತಿದ್ದವು! ಒಂದು ಎಲೆ ಮಗುಚಿದಳು. ಬಿಳಿ ಚುಕ್ಕೆಯಂಥ ಮೊಟ್ಟೆ. ಇನ್ನೊಂದು ಎಲೆ... ಅಲ್ಲೂ ಇತ್ತು. ಎಣಿಸುತ್ತ ಎಣಿಸುತ್ತ ಎಣಿಕೆ ತಪ್ಪಿತು.

"ಎಷ್ಟಾಯ್ತು?"

ಅವಳು ತಲೆಯೆತ್ತಿದಳು. ತಗ್ಗಿನ ಅಂಚಿನಲ್ಲಿ ರೂಬೆನ್ ನಿಂತಿದ್ದ.

"ಎಪ್ಪತ್ತರ ತನಕ ಎಣಿಸಿದೆ. ಆಮೇಲೆ... ಕಣ್ಣು ಕಾಣ್ಲಿಲ್ಲ."

ಅವನು ಕೆಳಗಿಳಿದು ಬಂದು ಪಕ್ಕದಲ್ಲಿ ಕೂತ. ಹೆಣ್ಣು ಚಿಟ್ಟೆಯೊಂದು ಎಲೆಯಿಂದ ಎಲೆಗೆ ಹಾರುತ್ತ ಮೊಟ್ಟೆ ಇಡಲು ಜಾಗ ಹುಡುಕುತ್ತಿತ್ತು.

"ಕಚೇರಿಯೋರು ಕೆಲಸ ವಾಪಸ್ ಕೊಟ್ರು," ಅವನೆಂದ. "ನಿನ್ನ ಕಾಗದ ಓದಿದೆ. ಅಷ್ಟೊಂದು ಬೈಕೋಬಾರ್ದಿತ್ತು ನಿನ್ನನ್ನ ನೀನೇ."

"ಇನ್ನೂ ಸಿಟ್ಟಿದ್ಯಾ?"

"ಇತ್ತು. ಎರಡು ತಿಂಗಳು ಹಿಡ್ಕೊಂಡೆ. ಆಗ್ಲಿಲ್ಲ." ಅವನು ಅವಳ ಕಡೆ ತಿರುಗಿದ. "ನೀನಿಲ್ದೆ ಆಗ್ತಿಲ್ಲ ಕೋರಾ."

ಅವಳು ಅವನ ಕೈ ಎಳೆದುಕೊಂಡು ಅಂಗೈಯ ಸುಟ್ಟ ಕಲೆಯ ಮೇಲೆ ಹಣೆ ಒತ್ತಿದಳು.

"ಬರೋ ಸೆಪ್ಟೆಂಬರಲ್ಲಿ ಪೂರ್ವದ ತುಂಡು ಸುಡ್ಬೇಕು. ನೀನೇ ಹಚ್ಚಬೇಕು. ನಾನು ಪಕ್ಕದಲ್ಲೇ ಇರ್ತೀನಿ."

"ಭಯ ಆಗಲ್ವಾ?"

"ಆಗುತ್ತೆ. ಆದ್ರೆ ಇನ್ಮೇಲೆ ಮೊದ್ಲು ಕೇಳ್ತೀನಿ, ಆಮೇಲೆ ಬೈತೀನಿ."

"ಬೈಯೋದಂತೂ ಬಿಡಲ್ಲ ಅಂತಾಯ್ತು."

"ಬಿಡಲ್ಲ. ಪ್ರೀತ್ಸೋರನ್ನ ಬಿಟ್ಟು ಇನ್ಯಾರನ್ನ ಬೈಲಿ?"

ಅವನು ಅವಳ ಮುಖವನ್ನೆತ್ತಿ ನೋಡಿದ. "ಏನಂದೆ? ಇನ್ನೊಂದ್ಸಲ ಹೇಳು."

"ಕೇಳಿಸ್ತಲ್ಲ!"

"ಕೇಳಿಸ್ತು... ಆದ್ರೂ ಹೇಳು."

ಅವಳು ಹೇಳಿದಳು.