ಕೊಡೆಯ ನೆರಳಿನಷ್ಟು ನೆಲ

ಬಹಳ ಬಹಳ ಹಿಂದೆ, ಏಳು ಕಡಲಿನಾಚೆ, ಮಾತಾಡುವ ನದಿಯೊಂದರ ದಂಡೆಯಲ್ಲಿ ಲುವೆಂಬೆ ಎಂಬ ರಾಜ್ಯವಿತ್ತು. ಅದರ ದೊರೆ ಮಕಾಂಡ ಬೇಡಿ ಬಂದವರಿಗೆ ಇಲ್ಲವೆಂದವನಲ್ಲ. ಅವನಿಗೆ ಲುಕೇನಿ ಎಂಬ ಒಬ್ಬಳೇ ಮಗಳು. ಅವಳಿಗೆ ಅರಮನೆಗಿಂತ ದೋಣಿಯೇ ಇಷ್ಟ.

ಒಂದು ದಿನ ಹಿಮನಾಡಿನಿಂದ ದೂತನೊಬ್ಬ ಬಿಳಿ ಕೊಡೆ ಹಿಡಿದು ಬಂದ.

"ದೊರೆಯೇ, ನಮ್ಮ ರಾಜ ಒಡ್ರಿಕರು ಕರುಣಾಳು. ನಿಮ್ಮ ಜನಕ್ಕಾಗಿ ಒಂದು ಆಸ್ಪತ್ರೆ ಕಟ್ಟಿಸಬೇಕೆಂದು ಅವರ ಆಸೆ. ಈ ಕೊಡೆಯ ನೆರಳು ಬೀಳುವಷ್ಟು ನೆಲ ಕೊಡಿ, ಸಾಕು."

"ಅಷ್ಟೇ ತಾನೆ? ಕೊಟ್ಟೆ," ಎಂದ ಮಕಾಂಡ.

ದೂತ ಕೊಡೆಯನ್ನು ನೆಲಕ್ಕೆ ನೆಟ್ಟ. ಮರುದಿನ ಅದು ಮರದಷ್ಟಾಯಿತು, ಆಮೇಲೆ ಬೆಟ್ಟದಷ್ಟಾಯಿತು. ನೆರಳು ಊರನ್ನು ನುಂಗಿತು, ಕಾಡನ್ನೂ ನುಂಗಿತು. ನೆರಳಿಗೆ ಸಿಕ್ಕವರ ಕೈಗಳು ಅವರ ಮಾತು ಕೇಳದಾದವು; ಹಗಲೆಲ್ಲ ಕಾಡುಬಳ್ಳಿಗಳನ್ನು ಕೊಯ್ದು, ಚಿನ್ನದ ಬೆಲೆ ಬಾಳುವ ಅವುಗಳ ಹಾಲನ್ನು ಒಡ್ರಿಕನ ಹಡಗುಗಳಿಗೆ ತುಂಬುತ್ತಿದ್ದವು. ತೊಟ್ಟಿಲಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳಲು ತಾಯಿಗೂ ಕೈ ಬಾರದು. ದೊರೆ ಮಕಾಂಡನೂ ಬಳ್ಳಿ ಕೊಯ್ಯತೊಡಗಿದ.

ನೆರಳು ತಾಕದ ನಡುಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಲುಕೇನಿಯೊಬ್ಬಳೇ ಉಳಿದಳು. ಅವಳು ಅಳುವುದನ್ನು ಕಂಡು ನದಿ ಹೇಳಿತು: "ಕೊಟ್ಟ ಮಾತನ್ನು ನಿನ್ನಪ್ಪ ಹಿಂದಕ್ಕೆ ಪಡೆಯಲಾರ. ಆದರೆ ಸುಳ್ಳು ಹೇಳಿಸಿ ಪಡೆದ ಒಡ್ರಿಕ ತನ್ನ ಬಾಯಿಂದಲೇ ನಿಜ ಹೇಳಿದರೆ ಕೊಡೆ ಮಡಚಿಕೊಳ್ಳುತ್ತದೆ. ಹೋಗು ಮಗಳೇ."

ಅವಳು ಹೊರಟಳು. ನದಿ ಕಡಲು ಸೇರುವಲ್ಲಿ ದೋಣಿಗಿಂತ ದೊಡ್ಡ ಮೊಸಳೆಯೊಂದು ಬಾಯಿ ತೆರೆದು ಬಂತು. ಅದು ಒಡ್ರಿಕನ ಕಾವಲು. ಅದರ ದವಡೆಗೆ ಕಬ್ಬಿಣದ ಕೊಂಡಿ ನಾಟಿ ಕೀವಾಗಿತ್ತು. ಲುಕೇನಿ ದೋಣಿಯಂಚಿಗೆ ಬಾಗಿದಳು. ಆ ಬಾಯೊಳಗೆ ಕೈ ಹಾಕಿ ಕೊಂಡಿಯನ್ನು ಕಿತ್ತೆಸೆದಳು.

"ಅಬ್ಬಾ! ಜೀವ ಬಂತು ತಂಗಿ," ಎಂದಿತು ಮೊಸಳೆ. "ಬೆನ್ನೇರು, ಕಡಲು ದಾಟಿಸುತ್ತೇನೆ. ಅರಮನೆ ಬಾಗಿಲಲ್ಲಿ ಎರಡು ಕಲ್ಲುಸಿಂಹಗಳಿವೆ. ನಿಜ ಹೇಳಿದವರನ್ನು ಅವು ನುಂಗಿಬಿಡುತ್ತವೆ, ಜೋಕೆ!"

ಹಿಮನಾಡಿನಲ್ಲಿ ಸಿಂಹಗಳು ಗುರುಗುಟ್ಟಿದವು: "ನಮ್ಮ ರಾಜ ಎಂಥವನು?"

ಬಯ್ಗುಳ ಗಂಟಲಿನವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು ಲುಕೇನಿ, "ದೇವರಂಥವನು," ಎಂದಳು. ಬಾಗಿಲು ತೆರೆಯಿತು.

ಒಳಗೆ ಔತಣ ನಡೆದಿತ್ತು. ನೆರೆನಾಡಿನ ರಾಜರು ಒಡ್ರಿಕನ ದಾನಧರ್ಮವನ್ನು ಹಾಡಿ ಹೊಗಳುತ್ತಿದ್ದರು. ತಾನು ಮಕಾಂಡನ ಮಗಳೆಂದು ಹೇಳಿಕೊಂಡ ಲುಕೇನಿಯ ಹತ್ತಿರ ಬಂದು ಒಡ್ರಿಕ ಪಿಸುಗುಟ್ಟಿದ: "ನನ್ನನ್ನು ಹೊಗಳಿ ಹೋಗು. ನಿನ್ನಪ್ಪನೊಬ್ಬನನ್ನು ಬಿಟ್ಟುಬಿಡುತ್ತೇನೆ."

ಅಪ್ಪನ ಮುಖ ಕಣ್ಣಮುಂದೆ ಬಂತು. ತೊಟ್ಟಿಲ ಬಳಿ ಕೈ ಬಾರದೆ ನಿಂತ ತಾಯಿಯೂ ನೆನಪಾದಳು. ಲುಕೇನಿ ರಾಜರತ್ತ ತಿರುಗಿ ಕೈಮುಗಿದಳು.

"ಮಹಾಸ್ವಾಮಿಗಳೇ, ಈ ಪುಣ್ಯಾತ್ಮರು ನಮಗೆ ಆಸ್ಪತ್ರೆ ಕಟ್ಟಿಸುತ್ತಿದ್ದಾರೆ. ಪುಣ್ಯವೆಲ್ಲ ಒಬ್ಬರಿಗೇ ಏಕೆ? ನೀವೂ ಬನ್ನಿ. ಕಾಡು ಬೇಕಾದಷ್ಟಿದೆ."

"ಆಗಲಿ! ನಾಳೆಯೇ ಹಡಗು ಹೊರಡಿಸುತ್ತೇವೆ!" ಎಂದು ರಾಜರೆಲ್ಲ ಎದ್ದರು.

ಒಡ್ರಿಕನ ಮುಖ ಕೆಂಪಾಯಿತು. "ಯಾರೂ ಕಾಲಿಡಕೂಡದು! ಎಲ್ಲಿಯ ಆಸ್ಪತ್ರೆ? ಅದು ಆ ಮುದುಕನಿಗೆ ಹೇಳಿದ ಸುಳ್ಳು! ಆ ಕಾಡು ನನ್ನದು, ಹೊಳೆ ನನ್ನದು, ಬಳ್ಳಿಯ ಹಾಲಿನ ಒಂದು ಹನಿಯೂ ನಿಮಗಿಲ್ಲ!"

ಬಾಯಿಂದ ಬಿದ್ದ ನಿಜವನ್ನು ಮತ್ತೆ ನುಂಗಲಾಗದೆ ಒಡ್ರಿಕ ನಿಂತಲ್ಲೇ ನಿಂತ. ಬಳ್ಳಿಯ ಹಾಲಿನ ಹಣದಿಂದ ಎದ್ದ ಅರಮನೆಯ ಗೋಡೆಗಳು ಕರಗಿ ಹಾಲಾಗಿ ಹರಿದವು. ಅವನು ಮಂಡಿಯುದ್ದ ಹಾಲಿನಲ್ಲಿ ಮುಗ್ಗರಿಸುತ್ತ ಹೋದ. ಮುಂದೆ ಯಾರೂ ಅವನಿಗೆ ಬಾಗಿಲು ತೆರೆಯಲಿಲ್ಲ.

ಲುಕೇನಿ ಮೊಸಳೆಯ ಬೆನ್ನೇರಿ ಊರು ತಲುಪುವಾಗ ಕೊಡೆ ಒಣಗಿದ ಅಣಬೆಯಂತೆ ಮುದುಡಿ ಬಿದ್ದಿತ್ತು. ಎಲ್ಲೆಲ್ಲೂ ಬಿಸಿಲು. ಜನ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ನಗುತ್ತಿದ್ದರು. ಮಕಾಂಡ ಮಾತ್ರ ತಲೆ ತಗ್ಗಿಸಿ ಕೂತಿದ್ದ.

"ನಾನೇ ಕೊಟ್ಟೆನಲ್ಲ, ಮಗಳೇ."

"ಕೊಟ್ಟಿದ್ದು ತಪ್ಪಲ್ಲ ಅಪ್ಪಾ. ಮೋಸ ಮಾಡಿದ್ದು ಅವನು. ಏಳು, ಹಸಿವಾಗಿದೆ."

ಅವನು ಎದ್ದು, ತನ್ನದೇ ಕೈಯಿಂದ ಮೀನು ಸುಟ್ಟು ಮಗಳಿಗೆ ಬಡಿಸಿದ. ಅಂದು ಲುವೆಂಬೆಯ ಪ್ರತಿ ಮನೆಯಲ್ಲೂ ಒಲೆ ಉರಿಯಿತು, ಪ್ರತಿ ತಾಯಿಯ ತೋಳಲ್ಲೂ ಮಗು ಮಲಗಿತು. ಆಮೇಲೆ ಅವರೆಲ್ಲ ಬಹುಕಾಲ ನೆಮ್ಮದಿಯಿಂದ ಬಾಳಿದರು.