ಹೊನ್ನಬಣ್ಣದ ಕೆಳಗಿನ ಬಿರುಕು

"ಅಲ್ಲಾಡಬೇಡಿ!"

ಅಲ್ಲಾಡಲಿಲ್ಲ. ಹೇಗೆ ಅಲ್ಲಾಡಲಿ? ನನ್ನ ತಲೆ, ಕತ್ತು ಎರಡೂ ಗ್ರ್ಯಾಂಡ್ ಪಿಯಾನೊದ ಹೊಟ್ಟೆಯೊಳಗಿದ್ದವು. ಮೇಲೆ ಬಾಗಿಲಿನಷ್ಟು ದಪ್ಪದ ಮುಚ್ಚಳ. ಅದಕ್ಕೆ ಆಸರೆ ಒಂದೇ ಒಂದು ಮರದ ಕೋಲು.

ಆ ಕೋಲಿನ ಮೇಲೆ ಪಿಯಾನೊ ರಿಪೇರಿ ಅಂಗಡಿಯ ಮೆಕ್ಯಾನಿಕ್‌ನ ಕೈ!

ನೂರು ವರ್ಷದ ಪಿಯಾನೊ ಸಾರ್. ತಂತಿ, ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳು ಎಲ್ಲ ಹೊಸದಾಗಿ ಹಾಕಿ ಅವನು ರೆಡಿ ಮಾಡಿದ್ದ. ಕೊಳ್ಳಲು ಹೊರಟವಳು ನನ್ನಕ್ಕ, ಮ್ಯೂಸಿಕ್ ಟೀಚರ್. "ನೀನು ಇನ್ಶೂರೆನ್ಸ್ ತನಿಖೆಯವನು, ಒಂದ್ಸಲ ನೋಡೋ" ಎಂದು ನನ್ನನ್ನು ಎಳೆದು ತಂದಿದ್ದಳು.

ಟಾರ್ಚ್ ಬಿಟ್ಟು ನೋಡಿದೆ. ಕಬ್ಬಿಣದ ಫ್ರೇಮ್ ಮೇಲೆ ಫಳಫಳ ಹೊನ್ನಬಣ್ಣ. ಒಂದು ಕಡೆ ಉಬ್ಬಿತ್ತು. ಉಗುರಿನಿಂದ ಕೆರೆದೆ... ಒಳಗೆ ಮೆತ್ತಿದ ಪುಟ್ಟಿ! ಅದರಡಿ ಬಿರುಕು! ಪಕ್ಕದಲ್ಲಿ ಕಬ್ಬಿಣದಲ್ಲೇ ಅಚ್ಚೊತ್ತಿದ ನಂಬರ್.

ಆ ನಂಬರ್ ನನಗೆ ಗೊತ್ತು. ಹೋದ ವರ್ಷ ನನ್ನದೇ ಫೈಲಿನಲ್ಲಿತ್ತು. ತಂತಿ ಬಿಗಿಯುವಾಗ ಇದೇ ಫ್ರೇಮ್ ಬಿರುಕು ಬಿಟ್ಟು, ತಂತಿ ಸಿಡಿದು ಒಬ್ಬನ ಎರಡೂ ಕಣ್ಣು ಹೋಗಿದ್ದವು. ಗುಜರಿಗೆ ಹಾಕಿ ಕರಗಿಸಿದೆವು ಎಂದು ಯಾರೋ ಬರೆದುಕೊಟ್ಟಿದ್ದರು.

"ಇದು ಕರಗಿ ಹೋಗಿತ್ತಲ್ಲ!" ಬಾಯಿ ಜಾರಿತು.

ಆಗಲೇ ಮೆಕ್ಯಾನಿಕ್ ಕೋಲಿಗೆ ಕೈ ಹಾಕಿದ್ದು.

"ಚೆನ್ನಾಗಿದೆ ಅಂತ ಅಕ್ಕನಿಗೆ ಹೇಳಿ. ಇಲ್ಲಾಂದ್ರೆ ಕೋಲು ಜಾರುತ್ತೆ. ಆಕ್ಸಿಡೆಂಟ್!"

ನನ್ನ ಬೆವರು ತಂತಿಯ ಮೇಲೆ ತೊಟ್ಟಿಕ್ಕಿತು.

"ಏನೋ, ಹೇಗಿದೆ?" ಮುಂದಿನ ಕೋಣೆಯಲ್ಲಿ ಸ್ಟೂಲ್ ಆರಿಸುತ್ತಿದ್ದ ಅಕ್ಕ ಕೂಗಿದಳು.

"ಚೆನ್ನಾಗಿದೆ... ನೀವು ತಗೊಳ್ಳಿ."

ಮಾತು ಕಲಿತಾಗಿನಿಂದ ಅಕ್ಕನಿಗೆ 'ನೀನು' ಎಂದವನು ನಾನು. 'ನೀವು' ಎಂದದ್ದು ಅದೇ ಮೊದಲು!

ಅಕ್ಕನ ಚಪ್ಪಲಿ ಸದ್ದು ಹತ್ತಿರ ಬಂತು. ನಿಂತಿತು. ಕೋಲಿನ ಮೇಲಿದ್ದ ಅವನ ಕೈ ನೋಡಿದ್ದಳಂತೆ. ಏನೂ ಗೊತ್ತಾಗದವಳಂತೆ ಕೀಗಳ ಮುಂದೆ ಕೂತಳು.

"ಹಾಗಾದ್ರೆ ಜೋರಾಗಿ ನುಡಿಸಿ ನೋಡ್ತೀನಿ."

"ಬೇಡಮ್ಮಾ! ತಂತಿ ಈಗಷ್ಟೇ ಬಿಗಿದಿದ್ದೀನಿ..."

ಧಡಾಂ! ಎರಡೂ ಮೊಣಕೈ ಇಟ್ಟು ಗುದ್ದಿದಳು.

ಟಣ್! ನನ್ನ ಕಿವಿಯ ಪಕ್ಕದಲ್ಲೇ ತಂತಿ ಹರಿಯಿತು. ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಹಾರಿದ. ಆ ಬಿರುಕಿನ ಆಳ ಅವನಿಗೇ ಚೆನ್ನಾಗಿ ಗೊತ್ತು!

ತಲೆ ಹೊರಗೆಳೆದುಕೊಂಡೆ. ಕೋಲು ಜಾರಿತು. ಮುಚ್ಚಳ ಧೊಪ್ಪನೆ ಬಿತ್ತು... ಖಾಲಿ ಜಾಗಕ್ಕೆ!

"ಓಡೋ!"

ಬಿಚ್ಚಿಟ್ಟ ಪಿಯಾನೊಗಳ ನಡುವೆ ಓಡಿದೆವು. ಹಿಂದೆ ಸ್ಪ್ಯಾನರ್ ಹಿಡಿದು ಅವನು! ಅರ್ಧ ಇಳಿದಿದ್ದ ಶಟರ್ ಕೆಳಗೆ ಅಕ್ಕ ನುಸುಳಿದಳು. ನಾನು ಉರುಳಿದೆ. ಸ್ಪ್ಯಾನರ್ ಶಟರ್‌ಗೆ ಬಡಿಯಿತು.

ಹೊರಗೆ ಮಟಮಟ ಮಧ್ಯಾಹ್ನ, ರಸ್ತೆ ತುಂಬ ಜನ. ಅವನು ಒಳಗೇ ಉಳಿದ. ಪೊಲೀಸರಿಗೆ ಫೋನ್ ಮಾಡಿದವಳೂ ಅಕ್ಕನೇ. ಹತ್ತು ನಿಮಿಷದಲ್ಲಿ ಅವನನ್ನು ಜೀಪು ಹತ್ತಿಸಿದರು.

ಎಷ್ಟೋ ಖದೀಮರ ಕಾಲರ್ ಹಿಡಿದ ಕೈ ಸಾರ್ ಇದು. ಅವತ್ತು ಕಾರಿನ ಕೀ ಹಿಡಿಯಲಾಗಲಿಲ್ಲ. ಅಕ್ಕ ಕಿತ್ತುಕೊಂಡು ಸ್ಟಾರ್ಟ್ ಮಾಡಿದಳು. ತಿರುಗಿ ಅಂಗಡಿಯತ್ತ ನೋಡಿ ನಿಟ್ಟುಸಿರು ಬಿಟ್ಟಳು.

"ಸೌಂಡ್ ಮಾತ್ರ ಫಸ್ಟ್ ಕ್ಲಾಸ್ ಕಣೋ!"