ಬೇರೆ ಮೇಜಿಗೆ ಹೋದ ಫೈಲು

"ಯಾವುದಾದ್ರೂ ಕಾಯಿಲೆ ಇದೆಯಾ?"

"ಇಲ್ಲ."

ವಿಮೆ ಅರ್ಜಿ ತುಂಬುತ್ತಿದ್ದ ಅವನು ಅದನ್ನು ಬರೆಯಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಅವಳ ಮುಖ ನೋಡಿದ.

"ಇನ್ನೊಂದು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದಿನಾ ತಗೊಳ್ಳೋ ಮಾತ್ರೆ ಏನಾದ್ರೂ...?"

ಅವಳ ಕೈ ಅವಳಿಗೇ ತಿಳಿಯದಂತೆ ಬ್ಯಾಗಿನ ಮೇಲೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಮೇಜಿನ ಕೆಳಗೆ ಅವಳ ಕಾಲನ್ನು ಒತ್ತಿ ತುಳಿದಳು. ಬಾಯಿ ಬಿಟ್ಟರೆ ನೋಡು ಎಂದು ಮನೆಯಲ್ಲೇ ಎಚ್ಚರಿಸಿ ಕರೆತಂದಿದ್ದಳು.

ವಿಮೆ ಕಚೇರಿ ತುಂಬಿತ್ತು. ಎಲ್ಲರೂ ಅಮೆರಿಕಕ್ಕೆ ಹೊರಟವರು. ಅಲ್ಲಿನ ಕಾಯಂ ವಿಮೆ ಕೈಗೆ ಸಿಗುವ ತನಕ, ಮೊದಲ ಕೆಲವು ತಿಂಗಳಿಗೆಂದು ಒಂದು ಪಾಲಿಸಿ ಮಾಡಿಸಿಕೊಳ್ಳಲು ಬಂದವರು. ಬೆಂಚು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು.

"ಇಲ್ಲ ಅಂದ್ನಲ್ಲ."

"ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಇಡೀ ಪಾಲಿಸೀನೇ ರದ್ದು ಮಾಡ್ತಾರೆ. ಕಾಲು ಮುರ್ಕೊಂಡ್ರೂ ಕೊಡಲ್ಲ. ಅದಕ್ಕೇ ಕೇಳ್ತಿದ್ದೀನಿ."

ಅವಳಿಗೆ ತಡೆಯಲಾಗಲಿಲ್ಲ.

"ಫಿಟ್ಸ್ ಇದೆ. ಸಾಕಾ? ಎಲ್ರಿಗೂ ಕೇಳಿಸ್ತಾ?"

ಕಚೇರಿಯ ಗದ್ದಲ ಒಮ್ಮೆಲೇ ನಿಂತಿತು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಇವಳು ಅವನ ಮುಖ ನೋಡುತ್ತ ಕಾದಳು... ಆ ನೋಟಕ್ಕೆ. ಅಯ್ಯೋ ಪಾಪ ಎನ್ನುವ, ಅದರ ಜೊತೆಗೇ ಒಂದು ಹೆಜ್ಜೆ ಹಿಂದೆ ಸರಿಯುವ ಆ ನೋಟಕ್ಕೆ. ಅವಳಿಗೆ ಬಂದ ಸಂಬಂಧಗಳೆಲ್ಲ ಅದೇ ನೋಟದಲ್ಲಿ ಮುರಿದುಬಿದ್ದಿದ್ದವು.

ಅವನು ಪೆನ್ನೆತ್ತಿಕೊಂಡ.

"ಯಾವ ಮಾತ್ರೆ? ಒಂದು ಹೊತ್ತಾ, ಎರಡು ಹೊತ್ತಾ?"

ಅಷ್ಟೇ. ಎಷ್ಟನೇ ತರಗತಿ ಓದಿದ್ದೀರಿ ಎಂದು ಕೇಳಿದ ಹಾಗೆ ಕೇಳಿದ. ಅವಳು ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದು ಅವನ ಮುಂದಿಟ್ಟಳು.

"ಒಂದು ಮಾತು ಈಗಲೇ ಹೇಳ್ಬಿಡ್ತೀನಿ. ಈ ಪಾಲಿಸಿ ಹಳೇ ಕಾಯಿಲೆಗೆ ಬರಲ್ಲ. ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ರೆ ಒಂದು ಕಾಸೂ ಕೊಡಲ್ಲ."

"ಹಾಗಾದ್ರೆ ಇದು ಯಾವ ಸಂಪತ್ತಿಗೆ?" ಎಂದಳು ಚಿಕ್ಕಮ್ಮ.

"ಬಸ್ಸು ಗುದ್ದಿದ್ರೆ ಕೊಡ್ತಾರೆ."

ಪಕ್ಕದ ಮೇಜಿನ ಹಿರಿಯ ಮೇಡಂ ತಲೆ ಎತ್ತದೆ ನಕ್ಕರು. "ನಮ್ಮ ಗೂಬೆ ಬಾಯಲ್ಲಿ ಒಳ್ಳೆ ಮಾತು ನಿರೀಕ್ಷೆ ಮಾಡ್ಬೇಡಿ. ಬಿದ್ರೆ ಏನು ಗತಿ, ಮುರಿದ್ರೆ ಏನು ಗತಿ... ಬೆಳಗಾದ್ರೆ ಇದೇ ಇವನ ಸುಪ್ರಭಾತ."

ಅಷ್ಟು ಅವಮಾನದ ನಡುವೆಯೂ ಅವಳಿಗೆ ನಗು ಬಂತು. ಅವಳು ನಕ್ಕಿದ್ದನ್ನು ಅವನು ನೋಡಿದ.

*

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಅಪ್ಪ ಇಲ್ಲ. ಅಮ್ಮ ಅಕ್ಕನ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು ಅಲ್ಲೇ ನೆಲೆ ನಿಂತಳು. ಅಂದಿನಿಂದ ಚಿಕ್ಕಮ್ಮನ ಮನೆಯೇ ಅವಳ ಮನೆ. ಮದುವೆಯಾಗದ ಚಿಕ್ಕ ಮಗಳನ್ನು ಕರೆಸಿಕೊಳ್ಳಲು ಅಮ್ಮ ಹಾಕಿದ್ದ ಅರ್ಜಿಗೆ ವರ್ಷಗಳು ಕಳೆದ ಮೇಲೆ ಈಗ ಒಪ್ಪಿಗೆ ಬಂದಿತ್ತು.

ಆದರೆ ಈ ವರ್ಷಗಳಲ್ಲಿ ಅಮ್ಮನ ನೆನಪು ಸೋರಿಹೋಗುತ್ತಿತ್ತು. ಅಕ್ಕ ಕೆಲಸಕ್ಕೆ ಹೋದರೆ ಅಮ್ಮ ದಿನವಿಡೀ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾಳಂತೆ. ಕೇಳುವುದು ಒಂದೇ ಮಾತು, "ಚಿಕ್ಕವಳು ಬಂದ್ಲಾ?"

ಅವಳು ಹೋಗಲೇಬೇಕಿತ್ತು. ಹೋಗುವ ಮೊದಲು ಮದುವೆಯಾದರೆ ಅರ್ಜಿ ಅಲ್ಲಿಗೇ ಸತ್ತುಹೋಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅದರ ಬಗ್ಗೆ ಅವಳು ಚಿಂತಿಸಿರಲಿಲ್ಲ. ತನ್ನನ್ನು ಕೇಳುವವರಾದರೂ ಯಾರು?

ಆ ವಾರವೇ ವಿಮೆ ಕಚೇರಿಯ ಅವನು ಅಂಗಡಿಗೆ ಬಂದ.

"ಕನ್ನಡಕದ ಸ್ಕ್ರೂ ಸಡಿಲ ಆಗಿದೆ."

ಅವಳು ಬಿಗಿ ಮಾಡಿಕೊಟ್ಟಳು. ಎರಡು ದಿನ ಬಿಟ್ಟು ಮತ್ತೆ ಬಂದ. ಅವಳು ಭೂತಗನ್ನಡಿ ಹಿಡಿದು ನೋಡಿದಳು.

"ಇದು ತಾನಾಗೇ ಸಡಿಲ ಆಗಿದ್ದಲ್ಲ. ಸ್ಕ್ರೂ ತಲೆ ಮೇಲೆ ಚಾಕು ಗೀರಿದ ಗುರುತಿದೆ."

ಅವನ ಕಿವಿ ಕೆಂಪಾಯಿತು. "ಮನೇಲಿ ಸ್ಕ್ರೂಡ್ರೈವರ್ ಇರಲಿಲ್ಲ" ಎಂದ.

ಆಮೇಲೆ ಸ್ಕ್ರೂವಿನ ನೆಪ ಬೇಕಾಗಲಿಲ್ಲ. ಮಾತ್ರೆಯ ಕಂಪನಿ ಹೆಸರು ಅಮೆರಿಕದಲ್ಲಿ ನಡೆಯುವುದಿಲ್ಲ, ಒಳಗಿರುವ ಔಷಧದ ಹೆಸರನ್ನೇ ಡಾಕ್ಟರ ಹತ್ತಿರ ಬರೆಸಿಕೊಳ್ಳಬೇಕು ಎಂದು ತಾನೇ ಜೊತೆಗೆ ಹೋದ. ಅಲ್ಲಿ ಇಳಿದ ಕೂಡಲೇ ಕಾಯಂ ವಿಮೆಗೆ ಹೆಸರು ಕೊಡಬೇಕು, ಅದರಲ್ಲಿ ಹಳೇ ಕಾಯಿಲೆಗೂ ಕೊಡುತ್ತಾರೆ, ತಡ ಮಾಡಬೇಡಿ ಎಂದು ಎಷ್ಟು ಸಲ ಹೇಳಿದನೋ. ಅದಕ್ಕೆ ಹೆಸರು ಕೊಡುವುದೆಂದರೆ ಅವಳು ಇಲ್ಲಿಂದ ಹೋಗಿರುವುದೆಂದೇ ಅರ್ಥ.

ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಅವಳೇ ಕೇಳಿದಳು.

"ನಾನು ಹೋಗದೇ ಇದ್ರೆ...?"

ಅವನು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. ಬಸ್ಸು ಬಂತು. ಅವಳು ಹತ್ತಿದಳು.

ಮರುದಿನ ಫೋನ್ ಬಂತು. ಹಿರಿಯ ಮೇಡಂ.

"ಇನ್ಮೇಲೆ ನಿನ್ನ ಫೈಲು ನನ್ನ ಹತ್ರ ಕಣಮ್ಮ. ಅವನು ನನಗೆ ಕೊಟ್ಬಿಟ್ಟ."

"ಯಾಕೆ?"

"ಇಲ್ಲಿ ಜನ ತುಂಬಿದ್ದಾರೆ. ಬಂದಾಗ ಹೇಳ್ತೀನಿ."

ಅವಳಿಗೆ ಹೇಳಿಸಿಕೊಳ್ಳುವ ಅಗತ್ಯ ಕಾಣಲಿಲ್ಲ. ಕೆಲಸ ಎಂದರೆ ಸರಿ, ಪೆನ್ನು ಹಿಡಿದು ಬರೆದುಕೊಳ್ಳಬಹುದು. ಬದುಕು ಎಂದ ಕೂಡಲೇ ಅವನೂ ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಬಡ್ಕೊಂಡೆ," ಎಂದಳು ಚಿಕ್ಕಮ್ಮ, ಅವಳ ಊದಿದ ಕಣ್ಣು ನೋಡಿ. "ಕಾಯಿಲೆ ಅಂದ್ರೆ ಎಲ್ರೂ ಅಷ್ಟೇ. ಅವನು ಕೆಲಸದವನು, ಕೆಲಸದ ಮಾತಾಡಿದ. ನೀನು ಅದನ್ನೇ ಪ್ರೀತಿ ಅಂತ ತಲೆ ಮೇಲೆ ಹೊತ್ಕೊಂಡೆ."

ಆಮೇಲೊಮ್ಮೆ ಅವನು ಅಂಗಡಿಗೆ ಬಂದ. ಅವಳು ಒಳಗೆ ಹೋಗಿ ಗಾಜು ಉಜ್ಜುವ ಯಂತ್ರ ಚಾಲೂ ಮಾಡಿ, ಮಾಲೀಕರನ್ನು ಮುಂದೆ ಕಳಿಸಿದಳು. ಆ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸುವುದಿಲ್ಲ.

*

ಟಿಕೆಟ್ ಬಂತು. ಅದನ್ನು ಹೇಳಲು ಅವಳು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ನಾನು..."

"ಯಾರಮ್ಮ ನೀನು?"

"ನಾನಮ್ಮ. ಚಿಕ್ಕವಳು."

"ಅವಳು ದಾರೀಲಿದ್ದಾಳೆ. ಅವಳ ಫೋನ್ ಬರುತ್ತೆ, ನೀನು ಇಡು ತಾಯಿ" ಎಂದು ಅಮ್ಮ ಮೆತ್ತಗೆ ಹೇಳಿ ಇಟ್ಟುಬಿಟ್ಟಳು.

ಅವಳು ಫೋನ್ ಹಿಡಿದುಕೊಂಡೇ ಕೂತಳು. ಇಲ್ಲಿ ಉಳಿಸಿಕೊಳ್ಳುವವರಿಲ್ಲ. ಅಲ್ಲಿ ಗುರುತು ಹಿಡಿಯುವವರಿಲ್ಲ.

ಹೊರಡುವ ಮುನ್ನ ಪಾಲಿಸಿಯ ಕಾರ್ಡ್ ತರಲು ಕಚೇರಿಗೆ ಹೋಗಬೇಕಾಯಿತು. ಅವನ ಕುರ್ಚಿ ಖಾಲಿಯಿತ್ತು. ಸದ್ಯ, ಎಂದುಕೊಂಡಳು. ಸದ್ಯ ಅನ್ನಿಸಿತೋ, ಎದೆ ಕುಸಿಯಿತೋ, ಅವಳಿಗೇ ಸ್ಪಷ್ಟವಿರಲಿಲ್ಲ.

"ಅವರಿಗೊಂದು ಮಾತು ಹೇಳ್ಬಿಡಿ ಮೇಡಂ. ಕಾಯಿಲೆಯವಳ ಫೈಲು ಅಂತ ನಿಮ್ಮ ಮೇಲೆ ತಳ್ಳಿದ್ರಲ್ಲ... ಒಳ್ಳೇದೇ ಆಯ್ತು ಅಂತ."

ಹಿರಿಯ ಮೇಡಂ ಕೈಯಲ್ಲಿದ್ದ ಕಾರ್ಡನ್ನು ಕೊಡದೆ ಹಿಡಿದುಕೊಂಡರು.

"ಏನಂದೆ?"

"ಇನ್ನೇನು ಕಾರಣ ಮೇಡಂ?"

"ಅಯ್ಯೋ ಪೆದ್ದಿ. ನಮ್ಮಲ್ಲಿ ಸ್ವಂತದವರ ಫೈಲು ನಾವೇ ಮಾಡೋ ಹಾಗಿಲ್ಲ. ಗಂಡಂದು, ಹೆಂಡತೀದು, ಅಪ್ಪ ಅಮ್ಮಂದು, ಮುಟ್ಟೋ ಹಾಗಿಲ್ಲ. ಪಕ್ಕದ ಮೇಜಿಗೆ ಕೊಡ್ಬೇಕು. ಅವನು ಬೆಳ್ಳಂಬೆಳಿಗ್ಗೆ ಮ್ಯಾನೇಜರ್ ಮುಂದೆ ಹೋಗಿ ನಿಂತ. ಇದು ನಮ್ಮೋರ ಫೈಲು ಸಾರ್, ನಾನು ಮಾಡೋ ಹಾಗಿಲ್ಲ ಅಂದ. ಏನು ಸಂಬಂಧನಪ್ಪ ಅಂತ ಅವರು ಕೇಳಿದ್ರು."

"ಅದಕ್ಕೆ ಇವರು ಏನಂದ್ರು?"

"ಅದು ಆ ಹುಡುಗಿಗೇ ಇನ್ನೂ ಗೊತ್ತಿಲ್ಲ ಸಾರ್, ಅಂದ."

ಅವಳು ತಿರುಗಿ ಅವನ ಖಾಲಿ ಕುರ್ಚಿ ನೋಡಿದಳು.

"ಜೆರಾಕ್ಸ್ ಕೋಣೇಲಿದ್ದಾನೆ, ಹೋಗು" ಎಂದರು ಮೇಡಂ. "ಮಾಡಿದ್ದನ್ನೇ ಮತ್ತೆ ಮತ್ತೆ ಕಾಪಿ ಮಾಡ್ತಾ."

*

ಅವನು ಯಂತ್ರದ ಮುಂದೆ ನಿಂತಿದ್ದ. ಅವಳನ್ನು ನೋಡಿ ಅದನ್ನು ನಿಲ್ಲಿಸಲು ತಡಕಾಡಿದ. ಅದು ನಿಲ್ಲಲಿಲ್ಲ. ಒಂದರ ಮೇಲೊಂದು ಹಾಳೆ ಬೀಳುತ್ತಲೇ ಇತ್ತು.

"ನನಗೇ ಯಾಕೆ ಹೇಳಲಿಲ್ಲ?"

"ಹೇಳೋಕೇ ಅಂಗಡಿಗೆ ಬಂದಿದ್ದೆ. ನಿಮ್ಮ ಮಾಲೀಕರು ಸ್ಕ್ರೂ ಸರಿಯಾಗೇ ಇದೆ ಅಂತ ಕಳಿಸಿಬಿಟ್ರು."

"ಬಸ್‌ಸ್ಟಾಪಲ್ಲಿ?"

"ಹೋಗಬೇಡಿ ಅನ್ನೋ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ." ಅವನು ತಲೆ ತಗ್ಗಿಸಿದ. "ಅಂದಿದ್ರೆ ನೀವು ಉಳಿದುಬಿಡ್ತಿದ್ರಿ."

"ಹೌದು."

"ಆಮೇಲೆ ನಿಮ್ಮಮ್ಮ?"

ಯಂತ್ರ ತಾನಾಗಿಯೇ ನಿಂತಿತು.

"ಅಲ್ಲಿ ಹೋಗಿ, ಮತ್ತೆ ಬಂದು..." ಎಂದು ಶುರುಮಾಡಿದಳು. "ಮದುವೆ ಆಗಿ, ನಿಮ್ಮನ್ನ ಕರೆಸ್ಕೊಳ್ಳೋಕೆ ನಾನೇ ಅರ್ಜಿ ಹಾಕಿದ್ರೆ?"

"ವರ್ಷಗಳು ಹಿಡಿಯುತ್ತೆ. ಹಿಡಿಯಲಿ ಅನ್ನೋಣ." ಅವನು ಬಿದ್ದ ಹಾಳೆಗಳನ್ನು ಒಟ್ಟುಮಾಡಿ ಜೋಡಿಸಿದ. "ನಮ್ಮಪ್ಪ ಹಾಸಿಗೆ ಹಿಡಿದಿದ್ದಾರೆ. ನಾನೇ ಎತ್ತಿ ಕೂರಿಸ್ಬೇಕು, ನಾನೇ ತಿನ್ನಿಸ್ಬೇಕು. ಬಾ ಅಂದ್ರೂ ನಾನು ಬರೋ ಹಾಗಿಲ್ಲ."

"ನನಗೆ ಅಮ್ಮ ಅಲ್ಲಿ."

"ನನಗೆ ಅಪ್ಪ ಇಲ್ಲಿ."

ಅದನ್ನು ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಅಷ್ಟೇ ಇತ್ತು.

"ಏನೂ ಆಗಲ್ಲ ಅಂತ ಗೊತ್ತಿದ್ದೂ ಮ್ಯಾನೇಜರ್ ಹತ್ರ ಯಾಕೆ ಹಾಗಂದ್ರಿ?"

"ಆಗುತ್ತೋ ಇಲ್ವೋ ಅದು ಬೇರೆ. ನೀವು ನಮ್ಮೋರು ಅನ್ನೋದು ಬೇರೆ."

ಅವಳು ಅತ್ತಳು. ಇಲ್ಲಿ ಯಾವ ಯಂತ್ರದ ಸದ್ದೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಅವನು ಅವಳ ಕೈ ಹಿಡಿದುಕೊಂಡ. ಮೊದಲ ಸಲ.

"ನಾನು ಹೋಗ್ತೀನಿ," ಎಂದಳು ಕೊನೆಗೆ.

"ಗೊತ್ತು."

"ಕಾಯಬೇಡಿ."

ಅವನು ಅವಳ ಕೈ ಬಿಡಲಿಲ್ಲ.

"ಅಮ್ಮ ನನ್ನ ಧ್ವನೀನೇ ಗುರುತು ಹಿಡೀಲಿಲ್ಲ. ಅಷ್ಟು ದೂರ ಹೋಗಿ ಬಾಗಿಲಲ್ಲಿ ನಿಂತಾಗ... ಯಾರಮ್ಮ ನೀನು ಅಂತ ಕೇಳಿಬಿಟ್ರೆ?"

"ಆಗ ನನಗೊಂದು ಫೋನ್ ಮಾಡು," ಎಂದ. ನೀವು ಎಂಬುದು ಯಾವಾಗ ಬಿಟ್ಟುಹೋಯಿತೋ ಅವನಿಗೂ ತಿಳಿಯಲಿಲ್ಲ. "ನೀನ್ಯಾರು ಅಂತ ನಾನು ಹೇಳ್ತೀನಿ."

ಅವಳು ಕಣ್ಣೊರೆಸಿಕೊಂಡಳು. "ಈಗಲೇ ಹೇಳು, ಕೇಳೋಣ."

ಅವನು ಬಾಯಿ ತೆರೆದ. ಅವಳ ಕೈಯನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಈಗ ಆಗಲ್ಲ," ಎಂದ ಕೊನೆಗೆ. "ಈಗ ನೀನು ಇಲ್ಲೇ ಇದ್ದೀಯಲ್ಲ. ಹೇಳಿದ್ರೆ ಉಳಿದುಬಿಡ್ತೀಯ."